ಮುಚ್ಚಿದ ಪೆಟ್ಟಿಗೆಯ ಪಂಡಿತ

ಆ ಬುಧವಾರ ಬೆಳಿಗ್ಗೆ ಗೋಡೆಗಳು ಬೆವರುತ್ತಿದ್ದವು. ದಕ್ಷಿಣದಿಂದ ಬೆಚ್ಚನೆಯ ಗಾಳಿ ಬೀಸಿ, ಚಳಿಗಾಲವಿಡೀ ತಣ್ಣಗಿದ್ದ ಸಿಮೆಂಟು, ಹೆಂಚು, ಕನ್ನಡಿ ಎಲ್ಲಕ್ಕೂ ನೀರೊಡೆದಿತ್ತು. ಮಳೆ ಒಂದು ಹನಿಯೂ ಇಲ್ಲ. ಆದರೂ ತೈಪೇ ಪಕ್ಕದ ಶುಲಿನ್‌ನಲ್ಲಿ, ನಮ್ಮ ಓಣಿಯಲ್ಲಿ, ಒಣಗಿದ ವಸ್ತು ಎಂಬುದೇ ಇರಲಿಲ್ಲ. ಗುಡಿಯ ನೆಲವನ್ನು ನಾನು ಮೂರು ಸಲ ಒರೆಸಿದೆ. ಮೂರು ಸಲವೂ ಅದು ನನ್ನ ಬೆನ್ನ ಹಿಂದೆ ಮತ್ತೆ ಬೆವರಿತು. ನಮ್ಮ ಭೂಮಿದೇವರ ಬಿಳಿ ಗಡ್ಡದ ತುದಿಯಿಂದ ಒಂದು ಹನಿ ತೊಟ್ಟಿಕ್ಕಿತು. ದೇವರಿಗೇ ಬೆವರು ಬಂದ ದಿನ ಮನುಷ್ಯನಿಗೆ ಏನು ಕಾದಿದೆಯೋ ಎಂದುಕೊಂಡು ಊದುಬತ್ತಿ ಹಚ್ಚಲು ಹೋದೆ. ಊದುಬತ್ತಿಯೂ ನೆನೆದಿತ್ತು.

ಈ ಗುಡಿಯನ್ನು ನಾನು ನೋಡಿಕೊಳ್ಳಲು ಶುರುಮಾಡಿ ಇಪ್ಪತ್ತೆರಡು ವರ್ಷ. ಗುಡಿ ಸಣ್ಣದು, ದೇವರೂ ಸಣ್ಣವರೇ. ಒಂದು ಓಣಿ, ಅದರ ಎರಡು ಕವಲು, ಒಂದು ರೈಲು ಹಳಿ, ಇಷ್ಟೇ ಅವರ ಆಡಳಿತ. ಆದರೆ ಕಳೆದುಹೋದ ಬೆಕ್ಕಿನಿಂದ ಹಿಡಿದು ಹೊಸ ಸ್ಕೂಟರಿನ ಬಣ್ಣದವರೆಗೆ ಅವರನ್ನು ಕೇಳದೆ ನಮ್ಮವರು ಹೆಜ್ಜೆ ಎತ್ತಿಡುವುದಿಲ್ಲ. ದೊಡ್ಡ ದೇವರುಗಳಿಗೆ ದೊಡ್ಡ ಕೆಲಸ. ಸ್ಕೂಟರಿನ ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಲು ಒಬ್ಬರು ಬೇಕಲ್ಲ?

ಗುಡಿಯ ಎದುರಿಗೇ ಕ್ವೇ-ಶಿಯಾಳ ತಿಂಡಿ ಗಾಡಿ. ಕಾವಲಿಯ ಮೇಲೆ ಮೂಲಂಗಿ ಬಿಲ್ಲೆ ಚುಂಯ್‌ಗುಟ್ಟುತ್ತಿದ್ದಾಗ ಲಾಯ್ ತಿಯೆನ್-ಫು ಮೊಮ್ಮಗಳು ಯು-ಶಾನ್‌ಳೊಂದಿಗೆ ಬಂದು ಬೆಂಚಿನ ಮೇಲೆ ಕೂತ. ಓಣಿಗೆಲ್ಲ ಅವನು ‘ಮದರ್‌ಬೋರ್ಡ್ ಮಾಮ’. ಮದರ್‌ಬೋರ್ಡ್ ಎಂದರೆ ಕಂಪ್ಯೂಟರಿನ ಒಳಗಿರುವ ಹಸಿರೋ ಕಪ್ಪೋ ಬಣ್ಣದ ಹಲಗೆ. ಉಳಿದ ಭಾಗಗಳೆಲ್ಲ ಅದರ ಮೇಲೆ ಸಂಸಾರ ಹೂಡುತ್ತವೆ. ನಮ್ಮ ಊರಿನ ಪಕ್ಕದ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಅದನ್ನು ಹಪ್ಪಳದ ಹಾಗೆ ಮಾಡಿ ಲೋಕಕ್ಕೆಲ್ಲ ಕಳಿಸುತ್ತಿದ್ದರು. ತಿಯೆನ್-ಫು ಅಲ್ಲಿ ಮೂವತ್ತೊಂದು ವರ್ಷ ದುಡಿದವನು. ಕಾರ್ಖಾನೆ ಕದ ಹಾಕಿ ಹದಿನಾಲ್ಕು ವರ್ಷವಾಗಿದ್ದರೂ ಅವನು ಒಂದು ಮಾತನ್ನು ಬಿಟ್ಟಿರಲಿಲ್ಲ: “ಲಕ್ಷಗಟ್ಟಲೆ ಬೋರ್ಡು ಈ ಕೈ ದಾಟಿ ಹೋಗಿವೆ.”

ಮಾತು ಸುಳ್ಳಲ್ಲ. ಕೈ ದಾಟುವ ಹೊತ್ತಿಗೆ ಅವು ಪೆಟ್ಟಿಗೆಯೊಳಗೆ ಇದ್ದವು ಎಂಬುದೊಂದನ್ನು ಮಾತ್ರ ಅವನು ಹೇಳುತ್ತಿರಲಿಲ್ಲ. ಅವನ ಕೆಲಸ ರಟ್ಟಿನ ಪೆಟ್ಟಿಗೆ ಮಡಿಚುವುದು, ಮುಚ್ಚುವುದು, ಮೊಹರು ಅಂಟಿಸುವುದು. ಈ ಸಂಗತಿ ಓಣಿಯಲ್ಲಿ ಗೊತ್ತಿದ್ದದ್ದು ಮೂವರಿಗೆ: ದೇವರಿಗೆ, ನನಗೆ, ಕ್ವೇ-ಶಿಯಾಳಿಗೆ. ಅದೇ ಕಾರ್ಖಾನೆಯ ಸಾಲಿನ ಕೊನೆಯಲ್ಲಿ ಇಪ್ಪತ್ತಾರು ವರ್ಷ ಕೂತು, ಒಂದೊಂದು ಬೋರ್ಡನ್ನೂ ದೀಪಕ್ಕೆ ಹಿಡಿದು ನೋಡಿ ಪಾಸು ಮಾಡುತ್ತಿದ್ದವಳು ಆಕೆಯೇ. ಯಂತ್ರದ ಕಣ್ಣಿಗೆ ತಪ್ಪಿದ ಬೆಸುಗೆ ಆಕೆಯ ಕಣ್ಣಿಗೆ ತಪ್ಪುತ್ತಿರಲಿಲ್ಲವಂತೆ. ಆಕೆ ಅದನ್ನು ಯಾರಿಗೂ ಹೇಳಿದವಳಲ್ಲ. ಆಕೆಯ ಬಾಯಿ ಆಕೆ ಮಾಡುವ ಬನ್ನಿನ ಹಾಗೆ; ಅಂಚು ಹಿಸುಕಿ ಮುಚ್ಚಿದ್ದು.

“ತಾತ, ಎಲ್ಲಾ ಬಂತು,” ಎಂದಳು ಯು-ಶಾನ್. ಹತ್ತೊಂಬತ್ತರ ಹುಡುಗಿ, ಬೆಳಿಗ್ಗೆ ಕಾಲೇಜು, ಸಂಜೆ ಚಹಾ ಅಂಗಡಿ, ನಡುವೆ ಕಂಪ್ಯೂಟರ್ ಆಟ. “ಪ್ರೊಸೆಸರ್ ಬಂತು, ಮೆಮೊರಿ ಬಂತು, ಫ್ಯಾನೂ ಬಂತು. ನಿನ್ನ ಬೋರ್ಡ್ ಒಂದೇ ಬಾಕಿ. ಶನಿವಾರ ಮಧ್ಯಾಹ್ನ ಆಯ್ಕೆ ಪಂದ್ಯ. ತಂಡದ ಐದು ಜನಾನೂ ಅವರವರ ಮನೆಯಿಂದಾನೇ ಆಡ್ಬೇಕು. ನನ್ನ ಯಂತ್ರ ರೆಡಿ ಇಲ್ಲ ಅಂದ್ರೆ ನನ್ನ ಜಾಗಕ್ಕೆ ಮೂರು ಜನ ಕಾಯ್ತಿದಾರೆ.”

“ಇವತ್ತೇ ತರ್ತೀನಿ.”

“ನಾನೇ ಆರಿಸ್ಬಿಡ್ತಿದ್ದೆ. ನೀನೇ ಬಿಡ್ಲಿಲ್ಲ.”

“ನಾನು ಬದುಕಿರೋವಾಗ ಬೇರೆಯವರು ಆರಿಸಿದ ಬೋರ್ಡು ನಮ್ಮನೆ ಹೊಸಿಲು ದಾಟಬೇಕಾ?”

“ಹಾಗಾದ್ರೆ ಪ್ರೊಸೆಸರ್ ಹೆಸರಾದ್ರೂ ಬರ್ಕೊಡ್ಲಾ?”

ತಿಯೆನ್-ಫು ನಕ್ಕ. ಮೀನಿಗೆ ಈಜು ಹೇಳಿಕೊಡಲು ಬಂದವರನ್ನು ನೋಡಿ ನಗುವ ನಗೆ. “ನನಗೆ? ಬರ್ಕೊಡ್ತಾಳಂತೆ! ಕೇಳಿದ್ರಾ ಕ್ವೇ-ಶಿಯಾ ಅಕ್ಕ?”

ಕ್ವೇ-ಶಿಯಾಳ ಸಟ್ಟುಗ ಒಂದು ಗಳಿಗೆ ಕಾವಲಿಯ ಮೇಲೆ ನಿಂತಿತು. ಆಮೇಲೆ ಬಿಲ್ಲೆಯನ್ನು ಮಗುಚಿತು.

ಆಗಲೇ ಬರೆಸಿಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮನುಷ್ಯನ ಜಂಬವನ್ನು ನಾನು ಬೈಯುವುದಿಲ್ಲ. ಅದರಿಂದಲೇ ಗುಡಿಗಳಿಗೆ ಭಕ್ತರು ಬರುತ್ತಾರೆ.

ತೈಪೇಯ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಆ ದಿನ ನಡೆದದ್ದನ್ನು ನಾನು ಕಂಡವನಲ್ಲ. ತಿಯೆನ್-ಫುವೇ ಹೇಳಿದ, ಆಮೇಲೆ ಅಂಗಡಿಯವನೂ ಹೇಳಿದ್ದನ್ನು ಯು-ಶಾನ್ ತಿಳಿಸಿದಳು. ಎರಡೂ ತಾಳೆಯಾದ್ದರಿಂದ ನಂಬಿದ್ದೇನೆ.

ಅಂಗಡಿಯವನ ಹೆಸರು ಯೆನ್. ಸಣಕಲ ಆಸಾಮಿ, ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು. “ಯಾವ ಪ್ರೊಸೆಸರಿಗೆ ಬೇಕು ಯಜಮಾನ್ರೇ?” ಎಂದು ಕೇಳಿದ.

ಇಲ್ಲಿಂದ ಓಡಿಹೋಗಲು ತಿಯೆನ್-ಫುವಿಗೆ ಇದ್ದ ಕೊನೆಯ ಬಾಗಿಲು ಅದು. ಅವನು ಬಾಗಿಲನ್ನು ಹಾಕಿ ಅಗುಳಿಯನ್ನೂ ಜಡಿದ. “ಬೋರ್ಡು ಪ್ರೊಸೆಸರಿಗೆ ಹೊಂದ್ಕೋಬಾರ್ದು ತಮ್ಮಾ. ಪ್ರೊಸೆಸರ್ ಬಂದು ಬೋರ್ಡಿಗೆ ಹೊಂದ್ಕೋಬೇಕು.”

ಯೆನ್ ಮೂಗಿನ ಕನ್ನಡಕದ ಮೇಲಿಂದ ಅವನನ್ನು ನೋಡಿದ. ಹದಿನೆಂಟು ವರ್ಷದ ವ್ಯಾಪಾರದಲ್ಲಿ ಇಂಥ ಮಾತನ್ನು ಅವನು ಕೇಳಿರಲಿಲ್ಲ. ಇದು ಮೂರ್ಖನ ಮಾತು, ಇಲ್ಲವೇ ಮಹಾತ್ಮನದು. ಯಾವುದೆಂದು ಪರೀಕ್ಷಿಸಲು ನಾಲ್ಕು ಪೆಟ್ಟಿಗೆ ತಂದಿಟ್ಟ.

ತಿಯೆನ್-ಫುವಿನ ಕೈಗಳು ಹದಿನಾಲ್ಕು ವರ್ಷದ ಮೇಲೆ ಪೆಟ್ಟಿಗೆ ಕಂಡವು. ಅವು ಅವನನ್ನು ಕೇಳಲಿಲ್ಲ, ತಾವೇ ಹೊರಟವು. ಮೊದಲ ಪೆಟ್ಟಿಗೆಯ ಮೂಲೆಯನ್ನು ಹೆಬ್ಬೆರಳಿಂದ ಒತ್ತಿದವು. ಎರಡನೆಯದರ ಅಂಚನ್ನು ಉಗುರಿಂದ ಸವರಿದವು. ಮೂರನೆಯದನ್ನು ಕಿವಿಯ ಹತ್ತಿರ ತಂದು ತಟ್ಟಿದವು. ನಾಲ್ಕನೆಯದನ್ನು ಮುಟ್ಟಿ, ಸುಟ್ಟುಕೊಂಡಂತೆ ಹಿಂದೆ ಬಂದವು.

“ಇದನ್ನ ಒಂದ್ಸಲ ತೆರೆದು ಮುಚ್ಚಿದಾರೆ.”

“ಸಾಧ್ಯನೇ ಇಲ್ಲ. ಮೊಹರು ನೋಡಿ, ಕನ್ಯೆ ಥರ ಇದೆ.”

“ಮೊಹರು ಹೊಸದು. ಅಂಟು ಬೇರೆ. ಮಡಿಕೆ ಎರಡು ಸಲ ನೊಂದಿದೆ.”

ಯೆನ್ ಪುಸ್ತಕ ತೆಗೆದು ನೋಡಿದ. ಯಾರೋ ಗಿರಾಕಿ ವಾಪಸು ತಂದಿದ್ದನ್ನು ಕೆಲಸದವರು ಗೊತ್ತಿಲ್ಲದೆ ಹೊಸದರ ಜೊತೆ ಇಟ್ಟುಬಿಟ್ಟಿದ್ದರು. ಅವನ ಬಾಯಿ ತೆರೆಯಿತು. ಪಕ್ಕದ ಅಂಗಡಿಯವರನ್ನು ಕೂಗಿದ. ಅವರು ತಮ್ಮ ಪೆಟ್ಟಿಗೆಗಳನ್ನು ಹಿಡಿದು ಬಂದರು. ಅರ್ಧ ಗಂಟೆಯಲ್ಲಿ ತಿಯೆನ್-ಫು ಆ ಮಹಡಿಯಲ್ಲಿದ್ದ ಹನ್ನೊಂದು ಕಳ್ಳಪೆಟ್ಟಿಗೆಗಳನ್ನು ಹಿಡಿದ. ಒಬ್ಬ ಅವನಿಗೆ ಕುರ್ಚಿ ಹಾಕಿದ, ಮತ್ತೊಬ್ಬ ಚಹಾ ತಂದ, ಮೂರನೆಯವನು “ಬೋರ್ಡು ಹೊಂದ್ಕೋಬಾರ್ದು” ಎಂಬ ವಾಕ್ಯವನ್ನು ಗೋಡೆಗೆ ಬರೆದು ಅಂಟಿಸಿದ.

“ಗುರುಗಳೇ, ಪೆಟ್ಟಿಗೆ ತೆರೆಯದೇನೇ ಇಷ್ಟು ಗೊತ್ತಾಗತ್ತೆ ಅಂದ್ರೆ, ತೆರೆದ್ರೆ ಇನ್ನೆಷ್ಟು ಗೊತ್ತಾಗಬಹುದು!” ಎಂದ ಯೆನ್.

ತೆರೆದರೆ ಏನೂ ಗೊತ್ತಾಗುವುದಿಲ್ಲ ಎಂದು ಹೇಳುವ ಹೊತ್ತು ದಾಟಿತ್ತು.

“ಮೂರನ್ನೂ ತಗೊಂಡ್ಹೋಗಿ. ಬೇಕಾದ್ದನ್ನ ಇಟ್ಕೊಂಡು, ಉಳಿದೆರಡನ್ನ ತೆರೆಯದೇ ತಂದ್ಕೊಡಿ. ನಿಮಗೆ ಹೇಳ್ಬೇಕಾ?” ಎಂದು ಯೆನ್ ಎರಡೂ ಕೈಯಿಂದ ಚೀಲ ನೀಡಿದ. ಬೇರೆ ಗಿರಾಕಿಗಳಲ್ಲಿ ಒಬ್ಬರನ್ನೂ ಹಾಗೆ ನಂಬಿ ಕಳಿಸಿದವನಲ್ಲ ಅವನು.

ಮಧ್ಯಾಹ್ನ ಮೂರರ ಹೊತ್ತಿಗೆ ತಿಯೆನ್-ಫು ಚೀಲದೊಂದಿಗೆ ಗುಡಿಗೆ ಬಂದ. ಮುಖ ನಮ್ಮ ಗೋಡೆಯ ಹಾಗೇ ಬೆವರುತ್ತಿತ್ತು.

“ಅಣ್ಣಾ,” ಎಂದ ಮೆಲ್ಲಗೆ, “ದೇವರಿಗೆ ಮದರ್‌ಬೋರ್ಡು ಗೊತ್ತಿರುತ್ತಾ?”

“ಈ ಓಣಿಯಲ್ಲಿ ನಡೆಯೋದೆಲ್ಲಾ ಗೊತ್ತಿರುತ್ತಪ್ಪಾ,” ಎಂದೆ. ಸುಳ್ಳು ಹೇಳಲಿಲ್ಲ.

ಮೂರು ಪೆಟ್ಟಿಗೆಗಳನ್ನು ಕಿತ್ತಳೆ ಹಣ್ಣಿನ ತಟ್ಟೆಯ ಪಕ್ಕದಲ್ಲಿ ದೇವರ ಮುಂದಿಟ್ಟೆವು. ಒಂದರ ಮೇಲೆ ಬೆಂಕಿ ಉಗುಳುವ ಕೆಂಪು ಡ್ರ್ಯಾಗನ್. ಒಂದರ ಮೇಲೆ ಬೆಳ್ಳಿ ಮಿಂಚು. ಮೂರನೆಯದು ಬರೀ ಕಂದು ರಟ್ಟು, ಅಕ್ಷರ ಬಿಟ್ಟರೆ ಅಲಂಕಾರವಿಲ್ಲ. ನಮ್ಮಲ್ಲಿ ದೇವರನ್ನು ಕೇಳುವುದು ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಟ್ಟು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೌದು. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾರೆ ಎಂದರ್ಥ. ದೊಡ್ಡ ವಿಷಯಕ್ಕೆ ಸಾಲಾಗಿ ಮೂರು ಹೌದು ಬೀಳಬೇಕು.

ತಿಯೆನ್-ಫು ಮಂಡಿಯೂರಿ, ತುಟಿ ಅಲ್ಲಾಡಿಸಿ ಹೆಸರು ವಿಳಾಸ ಹೇಳಿಕೊಂಡು, ಮೊದಲು ಕಂದು ಪೆಟ್ಟಿಗೆಯನ್ನು ತೋರಿಸಿ ಕೇಳಿದ. ದೇವರು ನಕ್ಕರು. ಮತ್ತೆ ಕೇಳಿದ. ಮತ್ತೆ ನಕ್ಕರು. ಮೂರನೆಯ ಸಲ ಒಂದು ತುಂಡು ಉರುಳುತ್ತಾ ಹೋಗಿ, ಕಂಬಕ್ಕೆ ತಾಗಿ, ಯೋಚಿಸಿ, ಇನ್ನೊಂದರ ಹಾಗೇ ಅಂಗಾತವಾಯಿತು.

ಅಷ್ಟರಲ್ಲಿ ವಾರ್ಡಿನ ಮುಖ್ಯಸ್ಥೆ ಚಿಯು ಮೇಡಂ ಬಂದರು. ಅವರು ಎಲ್ಲಿಗಾದರೂ ಅಷ್ಟರಲ್ಲೇ ಬರುವವರು. “ಏನ್ರೀ ಫು ಮಾಮ, ದೇವರನ್ನ ಯಾಕೆ ಹೀಗೆ ನಗಿಸ್ತಿದೀರಿ? ಚುನಾವಣೆಗೆ ನಿಲ್ತೀರಾ?”

“ಮೊಮ್ಮಗಳಿಗೆ ಬೋರ್ಡು ಆರಿಸ್ತಿದೀನಿ.”

“ನಿಮ್ಮಂಥವರೂ ದೇವರನ್ನ ಕೇಳ್ತೀರಾ?” ಚಿಯು ಮೇಡಂ ಕಣ್ಣು ಅರಳಿತು. “ನೋಡ್ರಪ್ಪಾ, ವಿದ್ಯೆ ಇದ್ದವರ ವಿನಯ! ನಮ್ಮ ಅಳಿಯ ಒಂದು ಬಲ್ಬ್ ಹಾಕೋಕೆ ಬಂದ್ರೆ ಇಂಜಿನಿಯರ್ ಥರ ಮಾತಾಡ್ತಾನೆ.”

ಜನ ಸೇರಿದರು. ಬೆಳ್ಳಿ ಮಿಂಚಿಗೆ ದೇವರು ಇಲ್ಲವೆಂದರು. ಡ್ರ್ಯಾಗನ್ನಿಗೆ ಒಂದು ಹೌದು, ಎರಡು ಹೌದು. ಮೂರನೆಯದಕ್ಕೆ ಓಣಿಯೇ ಉಸಿರು ಹಿಡಿಯಿತು. ಹೌದು! ಚಪ್ಪಾಳೆ ಬಿತ್ತು. ಐದು ನಿಮಿಷದಲ್ಲಿ, ಕಸದ ಗಾಡಿ ಮತ್ತು ನಾಯಿಗಳ ಚುಚ್ಚುಮದ್ದಿನ ಸುದ್ದಿ ಹೇಳಲೆಂದು ಕಂಬಗಳಿಗೆ ಕಟ್ಟಿರುವ ಧ್ವನಿವರ್ಧಕದಲ್ಲಿ ಚಿಯು ಮೇಡಂ ದನಿ ಮೊಳಗಿತು: “ಮಾನ್ಯರೇ, ನಮ್ಮ ಭೂಮಿದೇವರು ಈ ದಿನ ಮದರ್‌ಬೋರ್ಡ್ ಆರಿಸಿರುತ್ತಾರೆ. ಸಾಲಾಗಿ ಮೂರು ಹೌದು. ಪಕ್ಕದ ವಾರ್ಡಿನ ದೇವರಿಗೆ ಇಂಥ ಅನುಭವ ಇರುವುದಿಲ್ಲ.”

ಗುರುವಾರ ಬೆಳಿಗ್ಗೆ ಯು-ಶಾನ್ ಕಾಲೇಜಿಗೆ ಹೋಗುವಾಗ, “ಮಧ್ಯಾಹ್ನ ಬರ್ತೀನಿ, ಇಬ್ಬರೂ ಸೇರಿ ಜೋಡಿಸೋಣ ತಾತ,” ಎಂದು ಹೇಳಿ ಹೋದಳಂತೆ. ಬರುವಷ್ಟರಲ್ಲಿ ಪ್ರೊಸೆಸರನ್ನಾದರೂ ಕೂರಿಸಿ ಬೆರಗುಗೊಳಿಸೋಣ ಎಂದು ತಾತ ಡ್ರ್ಯಾಗನ್ ಪೆಟ್ಟಿಗೆ ತೆರೆದ. ಬೋರ್ಡಿನ ನಡುವೆ ಚೌಕಾಕಾರದ ಗುಂಡಿ. ಅದರೊಳಗೆ ಕೂದಲಿಗಿಂತ ಸಣ್ಣ ಸಾವಿರಾರು ಪಿನ್ನುಗಳು. ಪ್ರೊಸೆಸರ್ ಕೂರಲಿಲ್ಲ. ತಿರುಗಿಸಿದ. ಕೂರಲಿಲ್ಲ. ಹೊಂದಿಕೊಳ್ಳಬೇಕಾದದ್ದು ಪ್ರೊಸೆಸರ್ ಎಂದು ತಾನೇ ಹೇಳಿದ್ದನಲ್ಲ, ಹೆಬ್ಬೆರಳಿಟ್ಟು ಒತ್ತಿದ.

ನಾನು ಹೋಗುವಷ್ಟರಲ್ಲಿ ಅವನು ನೆಲದ ಮೇಲೆ ಕೂತಿದ್ದ. ಒಂದು ಮೂಲೆಯ ಪಿನ್ನುಗಳು ಗಾಳಿಗೆ ಸಿಕ್ಕ ಭತ್ತದ ಹಾಗೆ ಮಲಗಿದ್ದವು.

“ದೇವರು ಆರಿಸಿದ್ದು ಅಣ್ಣಾ! ಮೂರು ಸಲ ಹೌದು ಅಂದ್ರು! ನೀನೇ ನೋಡ್ದೆ!”

ಗುಡಿಯ ಮಾನದ ಪ್ರಶ್ನೆ. ನಾನು ಅವನ ಪಕ್ಕದಲ್ಲಿ ಕೂತು ಶಾಂತವಾಗಿ ಕೇಳಿದೆ: “ದೇವರ ಮುಂದೆ ಯಾರ ಹೆಸರು ಹೇಳ್ದೆ?”

“ನನ್ನ ಹೆಸರು. ಲಾಯ್ ತಿಯೆನ್-ಫು, ಎಪ್ಪತ್ತೊಂದನೇ ನಂಬರು ಮನೆ, ಹುಟ್ಟಿದ ದಿನ...”

“ಮೊಮ್ಮಗಳ ಹೆಸರು?”

“ಅದು ಹೇಳ್ಲಿಲ್ಲ.”

“ಪ್ರಶ್ನೆ ಏನು ಕೇಳ್ದೆ?”

“ಅಪ್ಪಾ ದೇವರೇ, ನನಗೆ ಯಾವುದು ಒಳ್ಳೇದು ಅಂತ.”

“ಹಾಗಾದ್ರೆ ದೇವರು ನಿನಗೆ ಒಳ್ಳೇದು ಯಾವುದು ಅಂತ ಹೇಳಿದಾರೆ. ಅವಳಿಗಲ್ಲ.”

“ನನಗೆ ಇದು ಒಳ್ಳೇದಾ?” ಎಂದು ಅವನು ಮಲಗಿದ ಪಿನ್ನುಗಳನ್ನು ತೋರಿಸಿದ. ದೇವರ ಮಾತು ಕೆಲವೊಮ್ಮೆ ಅಂಚೆಯಲ್ಲಿ ಬರುತ್ತದೆ, ತಡವಾಗುತ್ತದೆ.

ಹೊಸ ಬೋರ್ಡು ಕೊಳ್ಳಲು ಅವನ ಕೈಯಲ್ಲಿ ಕಾಸಿಲ್ಲ ಎಂದಲ್ಲ. ತಾತ ಆರಿಸಿದ್ದು ಕೂರಲಿಲ್ಲ, ತಾತನೇ ಅದನ್ನು ಮುರಿದ ಎಂದು ಆ ಹುಡುಗಿಗೆ ಹೇಳಬೇಕಲ್ಲ, ಅದು ಅವನ ಕೈಲಿ ಆಗದ ಮಾತು. ತಾತನಿಗೆ ಬೋರ್ಡು ಗೊತ್ತು ಎಂಬುದನ್ನು ಅವಳು ಹುಟ್ಟಿದಾಗಿನಿಂದ ನಂಬಿಕೊಂಡು ಬಂದಿದ್ದಳು. ಅವನು ನನ್ನನ್ನು ನೋಡಿದ, ಬೋರ್ಡನ್ನು ನೋಡಿದ, ಖಾಲಿ ಪೆಟ್ಟಿಗೆಯನ್ನು ನೋಡಿದ. ಅವನ ಕೈಗಳು ಮತ್ತೆ ಅವನನ್ನು ಕೇಳದೆ ಹೊರಟವು.

ನಾನು ದೇವರ ಸೇವಕ. ಕೆಟ್ಟ ಕೆಲಸವನ್ನು ಹೊಗಳಬಾರದು. ಆದರೆ ಕಂಡದ್ದನ್ನು ಹೇಳಬೇಕು. ಆ ಮನುಷ್ಯ ಆ ಪೆಟ್ಟಿಗೆಯನ್ನು ಮುಚ್ಚಿದ್ದನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಕೆಟಲಿನ ಹಬೆಗೆ ಹಿಡಿದು ಮೊಹರಿನ ಅಂಟನ್ನು ಮೆತ್ತಗೆ ಮಾಡಿದ. ಒಳಗಿನ ಕಾಗದದ ನಾಲಗೆಯನ್ನು ಮಡಿಚಿದ, ಅಂಚು ತೀಡಿದ, ಬೆರಳ ಬೆನ್ನಿನಿಂದ ಒಮ್ಮೆ ಸವರಿದ. ಹತ್ತೇ ನಿಮಿಷ. ಪೆಟ್ಟಿಗೆ ಈಗತಾನೇ ಹುಟ್ಟಿದಂತಿತ್ತು. ಅದರೊಳಗೆ ಏನೂ ನಡೆದೇ ಇಲ್ಲ ಎಂದು ನಾನೇ ನಂಬಿಬಿಡುವ ಹಾಗಿತ್ತು.

“ವಾಪಸ್ ಕೊಟ್ಟು ಬೇರೆ ತರ್ತೀನಿ,” ಎಂದ, ನನ್ನ ಕಡೆ ನೋಡದೆ. “ಯೆನ್ ಕೇಳೋದೇ ಇಲ್ಲ. ನನ್ನನ್ನ ಗುರುಗಳೇ ಅಂತಾನೆ.”

“ಅದನ್ನ ಇನ್ಯಾರೋ ಕೊಂಡ್ಕೋತಾರಲ್ಲಪ್ಪಾ.”

ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟ. ನಾನು ಹಿಂದೆಯೇ ಹೋದೆ. ಸ್ಟೇಷನ್ನಿನ ದಾರಿ ಕ್ವೇ-ಶಿಯಾಳ ಗಾಡಿಯ ಮುಂದೆಯೇ ಹಾಯುತ್ತದೆ. ಬೇರೆ ದಾರಿ ದೇವರು ಇಟ್ಟಿಲ್ಲ.

“ತಿಯೆನ್-ಫು,” ಎಂದಳು ಆಕೆ, ಕಾವಲಿ ಉಜ್ಜುತ್ತಾ. “ಪೆಟ್ಟಿಗೆ ಚೆನ್ನಾಗಿ ಮುಚ್ಚಿದೀಯ. ಒಳಗಿರೋದಕ್ಕೆ ಏನಾಯ್ತು?”

“ಏನಾಗುತ್ತೆ? ಹೊಸದು. ಮೊಹರು ನೋಡಿ ಅಕ್ಕ.”

“ಮೊಹರು ನೋಡ್ತಿಲ್ಲ, ನಿನ್ನ ನೋಡ್ತಿದೀನಿ. ಮುಚ್ಚಿದ ಪೆಟ್ಟಿಗೆನ ನೀನು ಯಾವತ್ತಾದ್ರೂ ಹಸುಗೂಸಿನ ಥರ ಎತ್ಕೊಂಡಿದ್ದುಂಟಾ? ಹಾಡು ಹೇಳ್ಕೊಂಡು ಎಸೀತಿದ್ದೆ ಆಕಡೆಯವನಿಗೆ.”

ತಿಯೆನ್-ಫು ಪೆಟ್ಟಿಗೆಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ. ಬೆಂಚಿನ ಮೇಲಿದ್ದ ನಾಲ್ವರು ಗಿರಾಕಿಗಳು ಅಗಿಯುವುದನ್ನು ನಿಲ್ಲಿಸಿದರು.

ಕ್ವೇ-ಶಿಯಾ ದನಿ ಏರಿಸಲಿಲ್ಲ. “ಇಪ್ಪತ್ತಾರು ವರ್ಷ ನಾನು ನೋಡದೇ ಇರೋ ಒಂದೇ ಒಂದನ್ನೂ ನೀನು ಮುಚ್ಚಲಿಲ್ಲ. ಒಂದ್ಸಲ ಜ್ವರ ಅಂತ ನಾನು ಎದ್ದು ಹೋದಾಗ, ಮುಖ್ಯಸ್ಥ ಬೈದ್ರೂ ಸಾಲು ನಿಲ್ಲಿಸಿ ಕೂತಿದ್ದೆ. ಕ್ವೇ-ಶಿಯಾ ಅಕ್ಕನ ಸಹಿ ಇಲ್ಲ, ಮುಚ್ಚಲ್ಲ ಅಂದೆ. ಮರ್ತ್ಯಾ?”

ಗೋಡೆಗಳೆಲ್ಲ ಒಣಗಿದ್ದ ದಿನ ಅದು. ತಿಯೆನ್-ಫುವಿನ ಕಣ್ಣು ಮಾತ್ರ ಒದ್ದೆಯಾಯಿತು. ಅವನು ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟು, ತಾನೇ ಅಂಟಿಸಿದ ಮೊಹರನ್ನು ತಾನೇ ಹರಿದ.

ಆಕೆ ಕೈ ತೊಳೆದು, ಒರೆಸಿ, ಓದುವ ಕನ್ನಡಕ ಹಾಕಿಕೊಂಡು ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದಳು. “ಹದಿನೇಳು ಬಗ್ಗಿವೆ,” ಎಂದಳು. ಒಂದೊಂದಾಗಿ ಎಣಿಸಲು ನಮ್ಮ ಕಣ್ಣು ಸಾಲುತ್ತಿರಲಿಲ್ಲ. ಏಪ್ರನ್ನಿನ ಅಂಚಿನಿಂದ ಹೊಲಿಗೆ ಸೂಜಿ ತೆಗೆದಳು. ಉಸಿರು ಬಿಗಿ ಹಿಡಿದು ಒಂದು ಪಿನ್ನನ್ನು ಎತ್ತಿ, ಉಸಿರು ಬಿಟ್ಟು, ಮತ್ತೆ ಹಿಡಿದು ಇನ್ನೊಂದು. ಗಿರಾಕಿಗಳ ಸಾಲು ರಸ್ತೆಯವರೆಗೆ ಬೆಳೆಯಿತು. “ಅಕ್ಕ, ಎರಡು ಸೋಯಾ ಹಾಲು...” ಎಂದು ಶುರುಮಾಡಿದವನ ಬಾಯಿಯನ್ನು ಪಕ್ಕದವನು ಕೈಯಿಂದ ಮುಚ್ಚಿದ. ಇಪ್ಪತ್ತೆರಡು ವರ್ಷ ನಾನು ಪ್ರಾರ್ಥನೆ ಮಾಡಿಸಿದ್ದೇನೆ. ಅಷ್ಟು ಜನ ಅಷ್ಟು ನಿಶ್ಶಬ್ದವಾಗಿ ನಿಂತದ್ದನ್ನು ಗುಡಿಯಲ್ಲೂ ಕಂಡಿಲ್ಲ.

ಆ ಮೌನದೊಳಕ್ಕೆ ಯು-ಶಾನ್ ಸ್ಕೂಟರ್ ನಿಲ್ಲಿಸಿದಳು.

“ತಾತ? ಇದು ನನ್ನ ಬೋರ್ಡಾ? ಅಜ್ಜಿ ಯಾಕೆ ಚುಚ್ತಿದಾರೆ?”

“ನಾನು ಕೆಡಿಸ್ದೆ ಮಗಳೇ. ಅಕ್ಕ ಸರಿ ಮಾಡ್ತಿದಾರೆ.” ತಿಯೆನ್-ಫು ಎದ್ದು ನಿಂತ. “ನನಗೆ ಬೋರ್ಡು ಗೊತ್ತಿಲ್ಲ. ನಾನು ಪೆಟ್ಟಿಗೆ ಮುಚ್ತಿದ್ದೆ.”

“ಮೂವತ್ತೊಂದು ವರ್ಷಾನೂ?”

“ಮೊದಲ ಎರಡು ವರ್ಷ ಬರೀ ಅಂಟುಪಟ್ಟಿ ಕತ್ತರಿಸ್ತಿದ್ದೆ. ಆಮೇಲೆ ಬಡ್ತಿ ಕೊಟ್ರು.”

ಯಾರೂ ನಗಲಿಲ್ಲ. ಹುಡುಗಿ ಹೆಲ್ಮೆಟ್ ತೆಗೆಯದೆ ನಿಂತಿದ್ದಳು. “ಹಾಗಾದ್ರೆ ನನ್ನ ಬೋರ್ಡ್ ಯಾರು ಆರಿಸ್ತಾರೆ?” ಎಂದಳು. ಬೈದಿದ್ದರೆ ಮುದುಕ ತಡೆದುಕೊಳ್ಳುತ್ತಿದ್ದ.

ಕ್ವೇ-ಶಿಯಾ ಸೂಜಿಯಿಂದ ಕಣ್ಣೆತ್ತದೆ, “ಮಿಕ್ಕ ಎರಡು ಪೆಟ್ಟಿಗೆ ತಗೊಂಬಾ. ಪಕ್ಕದಲ್ಲಿ ಬರೆದಿರ್ತಾರೆ, ಯಾವ ಪ್ರೊಸೆಸರ್ ಕೂರುತ್ತೆ ಅಂತ. ಓದು,” ಎಂದಳು.

ಯು-ಶಾನ್ ತಂದು ಓದಿದಳು. ಕಂದು ಪೆಟ್ಟಿಗೆಯ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ಅವಳ ಪ್ರೊಸೆಸರಿನ ಹೆಸರು ಇತ್ತು.

“ತಾತ! ಮೂವತ್ತೊಂದು ವರ್ಷ ಇದೇ ಪೆಟ್ಟಿಗೆ ಹಿಡ್ಕೊಂಡಿದ್ದೀಯ, ಒಂದ್ಸಲನೂ ಇದನ್ನ ಓದಿಲ್ವಾ?”

“ಓದೋದು ನಮ್ಮ ವ್ಯಾಪ್ತಿಗೆ ಬರ್ತಿರಲಿಲ್ಲ,” ಎಂದ ತಿಯೆನ್-ಫು ನೊಂದ ದನಿಯಲ್ಲಿ. “ಅದು ಮುದ್ರಣ ವಿಭಾಗ.”

ಈಗ ನಕ್ಕರು, ಸಾಲಿಗೆ ಸಾಲೇ ನಕ್ಕಿತು. ಹುಡುಗಿಯೊಬ್ಬಳು ನಗಲಿಲ್ಲ. ಬುಧವಾರ ಕಂದು ಪೆಟ್ಟಿಗೆಯ ಮುಂದೆ ದೇವರು ಮೂರು ಸಲ ಯಾಕೆ ನಕ್ಕರೆಂದು ನನಗೆ ಆಗ ಹೊಳೆಯಿತು. ಮನಸ್ಸಿನಲ್ಲೇ ಕೈ ಮುಗಿದೆ.

ಶುಕ್ರವಾರ ತಾತ ಮೊಮ್ಮಗಳು ಇಬ್ಬರೂ ಯೆನ್ ಅಂಗಡಿಗೆ ಹೋದರು. ಹೋಗುವ ಮುಂಚೆ ತಿಯೆನ್-ಫು ಡ್ರ್ಯಾಗನ್ ಬೋರ್ಡನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಹರಿದ ಮೊಹರನ್ನೂ ಸೇರಿಸಿ ಮುಚ್ಚಿದ್ದ. ಬೋರ್ಡನ್ನು ಬರಿಗೈಯಲ್ಲಿ ಒಯ್ಯುವುದು ಅವನಿಗೆ ಮರ್ಯಾದೆ ಅನ್ನಿಸಲಿಲ್ಲ. ಅಭ್ಯಾಸಬಲ; ಹರಿದದ್ದೂ ಕಾಣದಂತೆ ಮುಚ್ಚಿಬಿಟ್ಟಿದ್ದ.

“ಈ ಬೆಳ್ಳೀದು ತೆರೆದಿಲ್ಲ. ಈ ಡ್ರ್ಯಾಗನ್ನು ನಾನು ತೆರೆದೆ, ಪಿನ್ನು ಬಗ್ಗಿಸ್ದೆ. ನಾನು ಗುರುವೂ ಅಲ್ಲ, ಮಣ್ಣೂ ಅಲ್ಲ,” ಎಂದನಂತೆ ತಿಯೆನ್-ಫು.

ಯೆನ್ ಪೆಟ್ಟಿಗೆಯನ್ನು ತಿರುತಿರುಗಿಸಿ ನೋಡಿದ. ಮುಗುಳ್ನಕ್ಕ. “ಪರೀಕ್ಷೆ ಮಾಡ್ತಿದೀರಾ ಗುರುಗಳೇ? ಇದನ್ನ ಯಾರೂ ಮುಟ್ಟಿಲ್ಲ.”

“ಮುಟ್ಟಿದೀನಿ ಕಣಯ್ಯ!”

ಯೆನ್ ತೆರೆದ. ದೊಡ್ಡ ಭೂತಗನ್ನಡಿ ಹಿಡಿದು ಗುಂಡಿಯೊಳಗೆ ಇಣುಕಿದ. “ಪಿನ್ನುಗಳು ಸೈನ್ಯದ ಸಾಲಿನ ಹಾಗೆ ನಿಂತಿವೆ. ಯಾಕೆ ಗುರುಗಳೇ ಬಡವನ ಜೊತೆ ಆಟ ಆಡ್ತೀರಿ?”

ಅಕ್ಕಪಕ್ಕದವರು ಸೇರಿದರು. ಎಲ್ಲರೂ ನೋಡಿ, ಇದು ಮುಟ್ಟದ ಬೋರ್ಡು, ಗುರುಗಳು ನಮ್ಮ ಕಣ್ಣು ಎಷ್ಟು ಚುರುಕೆಂದು ಅಳೆಯುತ್ತಿದ್ದಾರೆ ಎಂದು ತೀರ್ಮಾನಿಸಿದರು. ತಪ್ಪೊಪ್ಪಿಕೊಳ್ಳಲು ಬಂದವನನ್ನು ಹೀಗೆ ಸುತ್ತುಗಟ್ಟಿ ಹೊಗಳಿದರೆ ಅವನು ಏನು ಮಾಡಬೇಕು? ಒಬ್ಬ ಮತ್ತೆ ಚಹಾ ತಂದ. ಮೊಮ್ಮಗಳು ತಾತನ ಮುಖವನ್ನೇ ನೋಡುತ್ತಿದ್ದಳಂತೆ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ತಿಯೆನ್-ಫು ಚಹಾ ಬಟ್ಟಲನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆಯ ಒಳಗಿನ ಕಾಗದದ ನಾಲಗೆಯನ್ನು ಎಳೆದು ತೋರಿಸಿದ. “ಇದು ಎಡದಿಂದ ಮಡಿಚಿದೆ. ನೋಡು. ಈಗ ಯಂತ್ರ ಮಡಿಚುತ್ತೆ, ಬಲದಿಂದ. ಆ ಬೆಳ್ಳಿ ಪೆಟ್ಟಿಗೆ ತೆಗೆದು ನೋಡು ಬೇಕಾದ್ರೆ. ಎಡದಿಂದ ಮಡಿಚೋದು ಕೈ. ನಮ್ಮ ಸಾಲಿನಲ್ಲಿ ಹಾಗೇ ಕಲಿಸಿದ್ರು, ಬಲಗೈ ಮೊಹರಿಗೆ ಖಾಲಿ ಇರ್ಲಿ ಅಂತ. ಈ ಮಡಿಕೆ ನನ್ನದು. ಇನ್ಯಾರದೂ ಅಲ್ಲ.”

ಯೆನ್ ಹಣೆಯ ಕನ್ನಡಕವನ್ನೂ ಕೆಳಗಿಳಿಸಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬೋರ್ಡನ್ನು ಪರೀಕ್ಷೆಯ ಮೇಜಿಗೆ ಜೋಡಿಸಿ ಕರೆಂಟು ಕೊಟ್ಟ. ಬೋರ್ಡಿನ ಮೇಲೂ ಇದ್ದ ಡ್ರ್ಯಾಗನ್ನಿನ ಕಣ್ಣಲ್ಲಿ ಕೆಂಪು ದೀಪ ಹೊತ್ತಿತು. ತೆರೆದ ಮಾಲೆಂದು ಚೀಟಿ ಅಂಟಿಸಿ ಕಡಿಮೆಗೆ ಮಾರುವುದಾಗಿ, ಕಡಿಮೆಯಾದದ್ದನ್ನು ತಿಯೆನ್-ಫು ತುಂಬುವುದಾಗಿ ಮಾತಾಯಿತು.

“ಗುರು ಅಲ್ಲ ಅಂದ್ರಿ, ಸರಿ. ಆದ್ರೆ ಹದಿನೆಂಟು ವರ್ಷದಿಂದ ಸಾವಿರಾರು ಪೆಟ್ಟಿಗೆ ತೆಗ್ದಿದೀನಿ,” ಎಂದ ಯೆನ್, “ಅದನ್ನ ಯಾರೋ ಒಬ್ಬರು ಮುಚ್ಚಿರ್ತಾರೆ ಅಂತ ಇವತ್ತೇ ಗೊತ್ತಾಗಿದ್ದು ನನಗೆ.”

ಹಿಂದಿರುಗುವ ರೈಲಿನಲ್ಲಿ ಯು-ಶಾನ್ ಶುಲಿನ್ ಬರುವವರೆಗೂ ಅಂಗಡಿಯ ರಸೀತಿಯನ್ನು ಮಡಿಚುತ್ತಾ ಬಿಚ್ಚುತ್ತಾ ಕೂತಿದ್ದಳು. ರೈಲು ನಿಲ್ಲುವಾಗ ಅದನ್ನು ತಾತನ ತೊಡೆಯ ಮೇಲಿಟ್ಟು, “ಆ ಎಡದ ಮಡಿಕೆ ಹೇಗೆ? ನನಗೂ ಕಲಿಸು,” ಎಂದಳಂತೆ. ಇಬ್ಬರೂ ಮಡಿಚುತ್ತಾ ಕೂತು ಮುಂದಿನ ಸ್ಟೇಷನ್ನಿಗೆ ಹೋಗಿ ಇಳಿದರು. ನಡೆದುಕೊಂಡು ಬಂದರು.

ಶನಿವಾರ ಬೆಳಿಗ್ಗೆ ಕಂದು ಪೆಟ್ಟಿಗೆಯ ಬೋರ್ಡಿನ ಮೇಲೆ ಪ್ರೊಸೆಸರ್ ತಾನಾಗಿ, ಗೂಡಿಗೆ ಇಳಿಯುವ ಹಕ್ಕಿಯಂತೆ ಕೂತಿತು. ಯಂತ್ರ ತೊಂದರೆ ಕೊಡದಿರಲೆಂದು, ನಮ್ಮ ಕಡೆಯ ನಂಬಿಕೆಯಂತೆ, ಅದರ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ ಇಟ್ಟೆವು. ಚಿಯು ಮೇಡಂ ಅವಸರದಲ್ಲಿ ಹಳದಿ ಪೊಟ್ಟಣ ತಂದಿದ್ದರಿಂದ ಅವರನ್ನು ಬಾಗಿಲಲ್ಲೇ ತಡೆದೆವು. ಹಳದಿಗೆ ಯಂತ್ರ ನಿಂತುಹೋಗುತ್ತದೆ, ಮಕ್ಕಳಿಗೂ ಗೊತ್ತು. ಆಟದ ಬಗ್ಗೆ ನಾನು ಹೇಳಲಾರೆ, ನನಗೆ ಅರ್ಥವಾಗುವುದಿಲ್ಲ. ಎರಡು ಗಂಟೆಯ ಕಾಲ ಹುಡುಗಿ ಒಳಗಿನಿಂದ “ಹಿಂದೆ ಬಾ! ಹಿಂದೆ ಬಾ!” ಎಂದು ಕೂಗುತ್ತಿದ್ದಳು, ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಹಿಂದೆ ಬಂದು ನಿಂತರು. ಕೊನೆಗೆ ಕಿರುಚಾಟ ಕೇಳಿಸಿತು. ತಂಡ ಆಯ್ಕೆಯಾಗಿತ್ತು.

ಧ್ವನಿವರ್ಧಕಕ್ಕೆ ಇಷ್ಟು ಸಾಕಾಯಿತು. “ನಮ್ಮ ವಾರ್ಡಿನ ಹೆಮ್ಮೆಯ ಮದರ್‌ಬೋರ್ಡ್ ಪಂಡಿತರಾದ ಶ್ರೀ ಲಾಯ್ ತಿಯೆನ್-ಫು ಅವರು...” ಎಂದು ಚಿಯು ಮೇಡಂ ಮೂರು ಸಲ ಸಾರಿದರು. ಗಾಡಿಯ ಮುಂದೆ ನಡೆದದ್ದನ್ನು ಹತ್ತಾರು ಜನ ಕಂಡಿದ್ದರೂ, ಕಂಡದ್ದಕ್ಕಿಂತ ಕೇಳಿದ್ದು ದೊಡ್ಡದು.

ಭಾನುವಾರ ಬೆಳಿಗ್ಗೆ ನಾನು ಗುಡಿಯ ಬಾಗಿಲು ತೆಗೆಯುವಾಗ ಎಪ್ಪತ್ತೊಂದನೇ ನಂಬರು ಮನೆಯ ಮುಂದೆ ಸಾಲು ನಿಂತಿತ್ತು. ಒಬ್ಬರ ಕೈಯಲ್ಲಿ ಕೆಟ್ಟ ಕಂಪ್ಯೂಟರು, ಒಬ್ಬರ ಕೈಯಲ್ಲಿ ಮಾತಾಡದ ರೇಡಿಯೋ, ಒಬ್ಬಾಕೆಯ ಕೈಯಲ್ಲಿ ಅನ್ನದ ಕುಕ್ಕರು. ಮುಂದೆ ಚಿಯು ಮೇಡಂ, ವಾರ್ಡ್ ಆಫೀಸಿನ ಸತ್ತ ಕಂಪ್ಯೂಟರಿನ ಜೊತೆ. ಅದರ ಮೇಲೆ ಚಿನ್ನದ ಅಕ್ಷರದ ಕೆಂಪು ರೇಷ್ಮೆ ಪಟ್ಟಿ: ‘ಬೋರ್ಡುಗಳ ಮಹಾಪಂಡಿತರಿಗೆ’.

ತಿಯೆನ್-ಫು ಬಾಗಿಲು ತೆರೆದ. ಚಿಯು ಮೇಡಂ ಅವನ ಕೊರಳಿಗೆ ಪಟ್ಟಿ ಹಾಕಲು ಕೈ ಎತ್ತಿದರು. ಅವನು ತಲೆ ಬಗ್ಗಿಸಲಿಲ್ಲ. ಪಟ್ಟಿಯನ್ನು ಕೈಯಲ್ಲೇ ತೆಗೆದುಕೊಂಡು, ಕಂಪ್ಯೂಟರನ್ನು ಎತ್ತಿಕೊಂಡು, ಸಾಲಿನ ಉದ್ದಕ್ಕೂ ನಡೆದು, ರಸ್ತೆ ದಾಟಿದ.

ಕ್ವೇ-ಶಿಯಾ ಹಿಟ್ಟು ಕಲಸುತ್ತಿದ್ದಳು. ಅವನು ಕಂಪ್ಯೂಟರನ್ನು ಬೆಂಚಿನ ಮೇಲಿಟ್ಟ. ಕೆಂಪು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಟ್ಟು ತಾಗದಂತೆ ಆಕೆಯ ಮಣೆಯ ಪಕ್ಕದಲ್ಲಿ ಇಟ್ಟ.

“ಇದು ತಡವಾಯ್ತು ಅಕ್ಕ,” ಎಂದ.

ಆಕೆ ಪಟ್ಟಿಯನ್ನು ನೋಡಿದಳು. ಕೈ ತೊಳೆಯಲು ಎದ್ದಳು. ಅತ್ತ ಎಪ್ಪತ್ತೊಂದನೇ ನಂಬರಿನ ಮುಂದಿನ ಸಾಲು, ಕುಕ್ಕರಿನವಳು ಮೊದಲಾಗಿ, ಒಬ್ಬೊಬ್ಬರಾಗಿ ಇತ್ತ ಮುಖ ತಿರುಗಿಸಿತು.